ಹಳೆಯ ಮಸಲ್ ಕಾರಿಗೆ ಮೊದಲ ಖರ್ಚು ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದಿವೆ. 1960–70ರ ದಶಕದ ಮಸಲ್ ಕಾರು, ಅಂದರೆ ಬಲವಾದ ಎಂಜಿನ್ನಿನ ಅಮೆರಿಕನ್ ಕಾರು ಕೊಂಡು, ವಾರಾಂತ್ಯದಲ್ಲಿ ಸ್ವತಃ ಸ್ಪ್ಯಾನರ್ ಹಿಡಿಯುವವರು ಇವರು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: 1966ರ ಫೋರ್ಡ್ ಮಸ್ಟಾಂಗ್ ಕೂಪೆ ಕೊಂಡಿದ್ದೇನೆ. 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್, ಸಿ4 ಆಟೊಮ್ಯಾಟಿಕ್ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಲವು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಗಾಡಿ; ಈಗ ಸ್ಟಾರ್ಟ್ ಆಗುತ್ತದೆ, ನಿಧಾನಕ್ಕೆ ಓಡುತ್ತದೆ. ಕೈಯಲ್ಲಿ 3,000 ಡಾಲರ್ ಇದೆ. ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್, ಹೆಡರ್, ಹೊಸ ಕ್ಯಾಮ್‌ಶಾಫ್ಟ್ ಹಾಕಿಸು ಅನ್ನುತ್ತಾರೆ ಗೆಳೆಯರು. ಎಲ್ಲಿಂದ ಶುರು ಮಾಡಲಿ?
— ಟ್ರಾಯ್, ಮಿಷಿಗನ್

ಉತ್ತರ: ಆ ಮೂರನ್ನೂ ಸದ್ಯಕ್ಕೆ ಬದಿಗಿಡಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ನಿಮ್ಮ ಕಾರಿನದಕ್ಕೆ ಇರುವುದು ಒಂದೇ ಕೋಣೆ, ನಾಲ್ಕೂ ಚಕ್ರಕ್ಕೆ ಒಂದೇ ಒತ್ತಡ. ಒಂದು ರಬ್ಬರ್ ಹೋಸ್ ಒಡೆದರೂ, ಚಕ್ರದ ಬಳಿ ಬ್ರೇಕ್ ಶೂ ಒತ್ತುವ ಒಂದು ವೀಲ್ ಸಿಲಿಂಡರ್ ಸೋರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಬ್ರೇಕ್ ಒಟ್ಟಿಗೇ ಇಲ್ಲವಾಗುತ್ತವೆ. ಮಸ್ಟಾಂಗ್‌ಗೆ ಎರಡು ಕೋಣೆಯ ಮಾಸ್ಟರ್ ಬಂದದ್ದು 1967ರ ಮಾಡೆಲ್‌ನಿಂದ. ಮೊದಲ ಖರ್ಚು ಅಲ್ಲಿಗೇ ಹೋಗಬೇಕು.

ಆದರೆ ಮಾಸ್ಟರ್ ಬದಲಿಸುವ ಮೊದಲು ಕೆಳಗೆ ಏನಿದೆ ಎಂದು ನೋಡಿ. ಈ ಕಾರಿನಲ್ಲಿ ಬ್ರೇಕಿನ ರಬ್ಬರ್ ಹೋಸ್ ಮೂರು: ಮುಂದೆ ಎರಡು, ಹಿಂದಿನ ಆಕ್ಸಲ್‌ಗೆ ಒಂದು. ಹೊರಗಿನಿಂದ ಚೆನ್ನಾಗಿ ಕಂಡರೂ ಮೂರನ್ನೂ ಬದಲಿಸಿ. ಹಳೆಯ ಹೋಸ್ ಒಳಗೊಳಗೇ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಮುಂದಕ್ಕೆ ಹೋಗುತ್ತದೆ, ಬಿಟ್ಟಾಗ ಹಿಂದಕ್ಕೆ ಬರುವುದಿಲ್ಲ. ಆ ಚಕ್ರ ಹಿಡಿದುಕೊಂಡೇ ಉಳಿದು ಕಾರು ಒಂದು ಕಡೆಗೆ ಎಳೆಯುತ್ತದೆ. ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆ ಕಂಡರೆ ಸಿಲಿಂಡರ್ ಹೋಗಿದೆ ಎಂದೇ ಅರ್ಥ. ವಿ8 ಕಾರಿನ ಡ್ರಮ್ 10 ಇಂಚಿನದು. ಲೇತ್‌ನಲ್ಲಿ ಎಷ್ಟರವರೆಗೆ ತಿರುವಬಹುದು ಎಂಬ ಮಿತಿ ಸಾಮಾನ್ಯವಾಗಿ 10.060 ಇಂಚು, ಅದು ದಾಟಿದ್ದರೆ ಹೊಸ ಡ್ರಮ್ ತನ್ನಿ.

ಬ್ರೇಕ್ ಶೂ (ಡ್ರಮ್ಮಿನ ಒಳಮೈಗೆ ಒತ್ತುವ ಪಟ್ಟಿ) ಹಾಕುವಾಗ ಹೊಸಬರು ಎಡವುವುದು ಎರಡು ಕಡೆ. ಲೈನಿಂಗ್ ಚಿಕ್ಕದಿರುವ ಶೂ ಕಾರಿನ ಮುಂಭಾಗದ ಕಡೆಗೆ, ಉದ್ದ ಲೈನಿಂಗ್‌ನದು ಹಿಂಭಾಗದ ಕಡೆಗೆ ಬರಬೇಕು. ಶೂ ಸವೆದಂತೆ ಅಂತರ ಹೊಂದಿಸುವ ಹಲ್ಲುಚಕ್ರದ ಅಡ್ಜಸ್ಟರ್‌ಗಳಲ್ಲಿ ಎಡಗಡೆಯದಕ್ಕೂ ಬಲಗಡೆಯದಕ್ಕೂ ಮರೆ (ಥ್ರೆಡ್) ಉಲ್ಟಾ. ಅದಲು ಬದಲಾದರೆ ರಿವರ್ಸ್‌ನಲ್ಲಿ ಬ್ರೇಕ್ ಹಿಡಿದಾಗಲೆಲ್ಲ ಶೂ ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗಿ, ಪೆಡಲ್ ದಿನದಿನಕ್ಕೆ ಕೆಳಗಿಳಿಯುತ್ತದೆ. ಆದ್ದರಿಂದ ಒಂದು ಚಕ್ರ ಪೂರ್ತಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಿ.

ಈಗ ಮಾಸ್ಟರ್. ನಾಲ್ಕೂ ಡ್ರಮ್ ಉಳಿಸಿಕೊಳ್ಳುವುದಾದರೆ 1967ರ ಡ್ರಮ್ ಬ್ರೇಕಿನ ಎರಡು ಕೋಣೆಯ ಮಾಸ್ಟರ್ ಕೂರುತ್ತದೆ. ಹಳೆಯ ಮಾಸ್ಟರ್‌ನಿಂದ ಒಂದು ಪೈಪ್ ಹಿತ್ತಾಳೆಯ ಕವಲಿಗೆ ಇಳಿದು, ಅಲ್ಲಿಂದ ಎರಡು ಮುಂದಿನ ಚಕ್ರಕ್ಕೂ ಒಂದು ಹಿಂದಕ್ಕೂ ಹೋಗುತ್ತಿತ್ತು. ಹಿಂದಿನದನ್ನು ಕವಲಿನಿಂದ ಬೇರ್ಪಡಿಸಿ, ಅದರ ತೂತಿಗೆ ಪ್ಲಗ್ ಹಾಕಿ, ಹೊಸ ಮಾಸ್ಟರ್‌ನ ಎರಡನೆಯ ಕೋಣೆಯಿಂದ ಪ್ರತ್ಯೇಕ ಪೈಪ್ ಎಳೆಯಬೇಕು. ಯಾವ ಕೋಣೆ ಮುಂದಕ್ಕೆ, ಯಾವುದು ಹಿಂದಕ್ಕೆ ಎಂಬುದನ್ನು ಮಾಸ್ಟರ್ ಜೊತೆ ಬಂದ ಚಿತ್ರದಲ್ಲಿ ನೋಡಿಯೇ ಜೋಡಿಸಿ. ಪೈಪ್ 3/16 ಇಂಚಿನ ಉಕ್ಕಿನದು ಅಥವಾ ನಿಕ್ಕಲ್-ತಾಮ್ರದ್ದು ಇರಲಿ, ತುದಿ ಡಬಲ್ ಫ್ಲೇರ್ (ಎರಡು ಮಡಿಕೆಯಾಗಿ ಅಗಲಿಸಿದ್ದು) ಆಗಿರಲಿ. ನಲ್ಲಿ ಕೆಲಸದವರು ಬಳಸುವ ಕಂಪ್ರೆಷನ್ ಫಿಟ್ಟಿಂಗ್ ಬ್ರೇಕ್ ಪೈಪಿಗೆ ಎಂದೂ ಬೇಡ, ಆ ಒತ್ತಡವನ್ನು ಅದು ತಾಳುವುದಿಲ್ಲ.

ಹೊಸ ಮಾಸ್ಟರನ್ನು ಕಾರಿಗೆ ಹಾಕುವ ಮೊದಲೇ ವೈಸ್‌ನಲ್ಲಿ ಕೂರಿಸಿ, ಎರಡು ಸಣ್ಣ ಟ್ಯೂಬ್‌ಗಳನ್ನು ಅದರ ಕೋಣೆಗೇ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಮೆಲ್ಲಗೆ ಒತ್ತಿ. ಇಲ್ಲಿ ಉಳಿದ ಗಾಳಿ ಆಮೇಲೆ ಎಷ್ಟು ಪಂಪ್ ಮಾಡಿದರೂ ಸುಲಭಕ್ಕೆ ಹೊರಬರುವುದಿಲ್ಲ. ಕಾರಿಗೆ ಹಾಕಿದ ಮೇಲೆ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ ಈ ಕ್ರಮದಲ್ಲಿ ಗಾಳಿ ತೆಗೆಯಿರಿ. ಪೆಡಲಿನ ರಾಡ್‌ಗೂ ಪಿಸ್ಟನ್‌ಗೂ ನಡುವೆ ಸುಮಾರು 1/16 ಇಂಚು ಆಟ ಇರಲೇಬೇಕು. ಇಲ್ಲದಿದ್ದರೆ ಆಯಿಲ್ ವಾಪಸ್ ಬರುವ ಸಣ್ಣ ತೂತು ಮುಚ್ಚಿಕೊಂಡೇ ಇದ್ದು, ಕಾರು ಓಡಿ ಬಿಸಿಯಾದಂತೆ ಬ್ರೇಕ್ ತಾನಾಗಿ ಹಿಡಿಯುತ್ತದೆ. ಮೊದಲ ಎರಡು ಮೈಲಿ ಚೆನ್ನಾಗಿತ್ತು, ಆಮೇಲೆ ಕಾರು ಮುಂದಕ್ಕೇ ಹೋಗಲಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಇದೇ. ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದು ಸಾಕು. ಸಿಲಿಕೋನ್‌ನ ಡಾಟ್ 5 ಅನ್ನು ಅದರೊಂದಿಗೆ ಬೆರೆಸಬೇಡಿ.

ಎರಡನೆಯ ಖರ್ಚು ಟೈರ್. ಟೈರಿನ ಬದಿಯಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನದು. ಮೇಲ್ಮೈಯ ಗೀರು (ಟ್ರೆಡ್) ಎಷ್ಟೇ ಆಳವಿರಲಿ, 10 ವರ್ಷ ದಾಟಿದ ಟೈರಿನಲ್ಲಿ ಹೆದ್ದಾರಿಗೆ ಇಳಿಯಬೇಡಿ. ಮೂಲ 14 ಇಂಚಿನ ಚಕ್ರಕ್ಕೆ 195/70 ಅಥವಾ 205/70 ರೇಡಿಯಲ್ ಹೊಂದುತ್ತದೆ. ಅಲೈನ್‌ಮೆಂಟ್ ಮಾಡುವವರು 1966ರ ಪುಸ್ತಕದ ಅಂಕಿ ಹಾಕಲು ಬಿಡಬೇಡಿ, ಅದು ಆ ಕಾಲದ ಬಯಾಸ್ ಟೈರಿಗೆ (ರೇಡಿಯಲ್ ಅಲ್ಲದ ಹಳೆಯ ಬಗೆ) ಬರೆದದ್ದು. ರೇಡಿಯಲ್‌ಗೆ ಕ್ಯಾಸ್ಟರ್ ಪ್ಲಸ್ 2ರಿಂದ 3 ಡಿಗ್ರಿ, ಕ್ಯಾಂಬರ್ ಮೈನಸ್ ಅರ್ಧ ಡಿಗ್ರಿ, ಟೋ-ಇನ್ 1/8 ಇಂಚು ಕೇಳಿ. ಸ್ಟೀರಿಂಗ್ ಅಲೆದಾಡುವುದು ಇಷ್ಟರಿಂದಲೇ ಬಹಳ ಮಟ್ಟಿಗೆ ನಿಲ್ಲುತ್ತದೆ.

ಮೂರನೆಯದು ಪೆಟ್ರೋಲ್ ಹಾದಿ. ಈ ಕಾರಿನ 16 ಗ್ಯಾಲನ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಟ್ಯಾಂಕ್ ಸೋರಿದರೆ ವಾಸನೆ ನೇರ ಕಾರಿನೊಳಗೆ. ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕಿನ ಬಳಿ ಮತ್ತು ಪಂಪಿನ ಬಳಿ ಇರುವ ರಬ್ಬರ್ ತುಂಡುಗಳನ್ನು 30ಆರ್7 ಅಥವಾ 30ಆರ್9 ಎಂದು ಅಚ್ಚಾದ ಹೋಸಿನಿಂದ ಬದಲಿಸಿ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ.

ಇಷ್ಟಾದ ಮೇಲೆ ಹಣ ಉಳಿದರೆ ಎಂಜಿನ್ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ನಂತರ ಮುಂದಿನದು. ಕಾರ್ಬ್ಯುರೇಟರ್, ಇಗ್ನಿಷನ್, ಕ್ಯಾಮ್ ಒಟ್ಟಿಗೇ ಬದಲಿಸಿದ ಕಾರು ಕೆಮ್ಮತೊಡಗಿದರೆ ತಪ್ಪು ಯಾವುದರಲ್ಲಿದೆ ಎಂದು ಹುಡುಕುವುದೇ ಕಷ್ಟ. ಅರ್ಧಕ್ಕೆ ನಿಂತು ಮಾರಾಟಕ್ಕೆ ಬರುವ ಎಷ್ಟೋ ಪ್ರಾಜೆಕ್ಟ್‌ಗಳ ಕಥೆ ಇದು, ನೋಡಿದರೆ ಸಂಕಟವಾಗುತ್ತದೆ.

ಪ್ರಶ್ನೆ: ಅದೇ ಬಗೆಯ ಕಾರು. ಡ್ರಮ್ ತೆಗೆದು ಮುಂದೆ ಡಿಸ್ಕ್ ಬ್ರೇಕ್ ಹಾಕಿಸಬೇಕೆಂದಿದ್ದೇನೆ. ಕಿಟ್‌ನಲ್ಲಿ ಪವರ್ ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸುವ ಸಾಧನ) ಬೇಕೇ? ಡ್ರಮ್ಮಿನ ಮಾಸ್ಟರ್ ಉಳಿಸಿಕೊಳ್ಳಬಹುದೇ?
— ಫ್ರೀಮಾಂಟ್, ಕ್ಯಾಲಿಫೋರ್ನಿಯ

ಉತ್ತರ: ಮಾಸ್ಟರ್ ಉಳಿಸಿಕೊಳ್ಳುವಂತಿಲ್ಲ. ಡ್ರಮ್ಮಿನ ಮಾಸ್ಟರ್ ಒಳಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸದಾ ಹಿಡಿದಿಡುವ ವಾಲ್ವ್ ಇರುತ್ತದೆ. ಡ್ರಮ್ಮಿನಲ್ಲಿ ಶೂ ಎಳೆಯುವ ಸ್ಪ್ರಿಂಗ್ ಇದೆ, ಆ ಒತ್ತಡ ತೊಂದರೆ ಕೊಡುವುದಿಲ್ಲ. ಡಿಸ್ಕ್‌ನಲ್ಲಿ ಸ್ಪ್ರಿಂಗ್ ಇಲ್ಲ. ಪ್ಯಾಡ್ ಉಜ್ಜುತ್ತಲೇ ಇದ್ದು ಕಾಯುತ್ತದೆ. ಡಿಸ್ಕ್/ಡ್ರಮ್‌ಗೆಂದೇ ಮಾಡಿದ ಮಾಸ್ಟರ್ ಬೇಕು.

ಬೂಸ್ಟರ್ ಕಡ್ಡಾಯವಲ್ಲ. ಬೂಸ್ಟರ್ ಇಲ್ಲದ ಬ್ರೇಕಿಗೆ ಮಾಸ್ಟರ್‌ನ ಒಳವ್ಯಾಸ 1 ಇಂಚು ಅಥವಾ ಅದಕ್ಕಿಂತ ಚಿಕ್ಕದಿರಲಿ, ಪೆಡಲ್ ಅನುಪಾತ 6:1ರ ಆಸುಪಾಸು ಇರಲಿ. 1-1/8 ಇಂಚಿನ ಮಾಸ್ಟರ್ ಹಾಕಿದರೆ ಪಿಸ್ಟನ್ನಿನ ವಿಸ್ತಾರ 0.785ರಿಂದ 0.994 ಚದರ ಇಂಚಿಗೆ ಏರಿ, ಅದೇ ಕಾಲಿನ ಬಲಕ್ಕೆ ಒತ್ತಡ ಸುಮಾರು 21% ಕಡಿಮೆಯಾಗುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ನಿಲ್ಲದು. “ಡಿಸ್ಕ್ ಹಾಕಿಸಿದ ಮೇಲೆ ಬ್ರೇಕ್ ಕೆಟ್ಟಿತು” ಎನ್ನುವವರು ಮೊದಲು ಈ ಅಳತೆ ನೋಡಲಿ. ಮುಂದೆ ಬಿರುಸಾದ ಕ್ಯಾಮ್ ಹಾಕುವ ಯೋಚನೆಯಿದ್ದರಂತೂ ಬೂಸ್ಟರ್ ಬೇಡ. ಅದಕ್ಕೆ ಪಾದರಸದ 18 ಇಂಚಿನಷ್ಟು ವ್ಯಾಕ್ಯೂಮ್ ಬೇಕು, ಅಂಥ ಕ್ಯಾಮ್ ಐಡಲ್‌ನಲ್ಲಿ (ನಿಂತ ಕಾರಿನ ಎಂಜಿನ್ ಸುಮ್ಮನೆ ಓಡುವಾಗ) ಅಷ್ಟು ಕೊಡುವುದಿಲ್ಲ.

ಕಿಟ್ ಕೊಳ್ಳುವ ಮೊದಲು ನಿಮ್ಮ 14 ಇಂಚಿನ ಚಕ್ರದೊಳಗೆ ಅದರ ಕ್ಯಾಲಿಪರ್ ಹಿಡಿಸುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ಕೆಲವಕ್ಕೆ 15 ಇಂಚಿನ ಚಕ್ರವೇ ಬೇಕು. ಹಿಂದಿನ ಪೈಪಿಗೆ ತಿರುಗಿಸಿ ಒತ್ತಡ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿ. ಖಾಲಿ ಜಾಗದಲ್ಲಿ ಹಿಂದಿನ ಒತ್ತಡ ಕನಿಷ್ಠಕ್ಕಿಟ್ಟು ಶುರುಮಾಡಿ, ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ, ಮುಂದಿನ ಚಕ್ರಗಳು ಲಾಕ್ ಆದ ಮೇಲಷ್ಟೇ ಹಿಂದಿನವು ಲಾಕ್ ಆಗುವ ಹಾಗೆ ನಿಲ್ಲಿಸಿ. ಹಿಂದಿನವು ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ.

ಪ್ರಶ್ನೆ: 289 ಎಂಜಿನ್ನಿನ ಪಾಯಿಂಟ್, ಕಂಡೆನ್ಸರ್ ತೆಗೆದು ಡಿಸ್ಟ್ರಿಬ್ಯೂಟರ್ ಒಳಗೇ ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದೆ. ತಣ್ಣಗಿದ್ದಾಗ ಸರಿಯಾಗಿ ಓಡುತ್ತದೆ, ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ತಡವರಿಸಿ ಆರುತ್ತದೆ. ಮಾಡ್ಯೂಲೇ ಕಳಪೆಯೇ?
— ಡಲ್ಲಾಸ್, ಟೆಕ್ಸಸ್

ಉತ್ತರ: ಮಾಡ್ಯೂಲನ್ನು ದೂರುವ ಮೊದಲು ವೋಲ್ಟ್‌ಮೀಟರ್ ಹಿಡಿಯಿರಿ. ಆ ಕಾಲದ ಫೋರ್ಡ್‌ಗಳಲ್ಲಿ ಕೀ ಸ್ವಿಚ್ಚಿನಿಂದ ಕಾಯಿಲ್‌ವರೆಗೆ ಗುಲಾಬಿ ಬಣ್ಣದ ರೆಸಿಸ್ಟೆನ್ಸ್ ವೈರ್ ಇದೆ. ಪಾಯಿಂಟ್ ಸುಟ್ಟುಹೋಗದಿರಲೆಂದು ಎಂಜಿನ್ ಓಡುವಾಗ ವೋಲ್ಟೇಜ್ ಇಳಿಸುವುದೇ ಅದರ ಕೆಲಸ. ಮಾಡ್ಯೂಲಿನ ಕೆಂಪು ವೈರನ್ನು ಕಾಯಿಲಿನ ಪ್ಲಸ್‌ಗೆ ಸಿಕ್ಕಿಸಿದರೆ ಅದಕ್ಕೂ ಆ ಇಳಿದ ವೋಲ್ಟೇಜೇ ಸಿಗುತ್ತದೆ. ಸ್ಟಾರ್ಟ್ ಮಾಡುವ ಹೊತ್ತಿಗೆ ಸೊಲೆನಾಯ್ಡ್‌ನಿಂದ ಪೂರ್ತಿ ವೋಲ್ಟೇಜ್ ಬರುವುದರಿಂದ ಹತ್ತಿಕೊಳ್ಳುತ್ತದೆ, ಬಿಸಿಯಾಗಿ ಐಡಲ್‌ಗೆ ಇಳಿದಾಗ ಸೋಲುತ್ತದೆ. ಕೆಂಪು ವೈರನ್ನು ಗುಲಾಬಿ ವೈರಿಗಿಂತ ಮೊದಲು, ಕೀ ಹಾಕಿದಾಗ ಪೂರ್ತಿ 12 ವೋಲ್ಟ್ ಬರುವ ಕಡೆಗೆ ಜೋಡಿಸಿ.

ಆಮೇಲೆ ಕಾಯಿಲ್. ಎರಡೂ ವೈರ್ ಕಳಚಿ ಪ್ಲಸ್ ಮೈನಸ್ ನಡುವೆ ಅಳೆಯಿರಿ. ಮೊದಲ ತಲೆಮಾರಿನ ಇಂಥ ಮಾಡ್ಯೂಲಿಗೆ ವಿ8ನಲ್ಲಿ 1.5 ಓಮ್‌ಗಿಂತ ಕಡಿಮೆಯ ಕಾಯಿಲ್ ಸಲ್ಲದು. ಕರೆಂಟ್ ಹೆಚ್ಚಾಗಿ ಸುಡುತ್ತದೆ. ಎಂಜಿನ್ ಆರಿದ್ದಾಗ ಕೀಯನ್ನು ಆನ್‌ನಲ್ಲೇ ಬಿಟ್ಟು ರೇಡಿಯೊ ಕೇಳುವುದೂ ಮಾಡ್ಯೂಲನ್ನು ಕೊಲ್ಲುತ್ತದೆ. ರೇಡಿಯೊಗೆ ಕೀಯನ್ನು ಆಕ್ಸೆಸರಿ ಕಡೆಗೆ ತಿರುಗಿಸಿ.

ಇದೇ ಹೊತ್ತಿಗೆ ಟೈಮಿಂಗ್ ಕೂಡ ನೋಡಿ. ಕ್ರ್ಯಾಂಕ್ ಡ್ಯಾಂಪರ್‌ನ ಹೊರಬಳೆ ರಬ್ಬರ್ ಮೇಲೆ ಕೂತಿರುತ್ತದೆ. ಹಳೆಯ ರಬ್ಬರ್ ಸಡಿಲಾಗಿ ಬಳೆ ಜಾರಿದ್ದರೆ ಮೇಲಿನ ಗುರುತು ಸುಳ್ಳು ಹೇಳುತ್ತದೆ. ಒಂದನೇ ಸಿಲಿಂಡರಿಗೆ ಪಿಸ್ಟನ್ ಸ್ಟಾಪ್ ಹಾಕಿ ಎರಡೂ ಕಡೆಯಿಂದ ತಿರುಗಿಸಿ, ನಿಂತ ಎರಡು ಗುರುತುಗಳ ಮಧ್ಯವೇ ನಿಜವಾದ ಟಾಪ್, ಅಂದರೆ ಪಿಸ್ಟನ್ ಅತಿ ಮೇಲಿರುವ ಜಾಗ.

ಪ್ರಶ್ನೆ: 1970ರ ಷೆವ್ರೊಲೆ ಷೆವೆಲ್, 350 ಘನ ಇಂಚಿನ ಎಂಜಿನ್, ಟಿಎಚ್350 ಆಟೊಮ್ಯಾಟಿಕ್ ಗೇರ್. 750 ಸಿಎಫ್‌ಎಂ (ನಿಮಿಷಕ್ಕೆ ಹಾಯುವ ಗಾಳಿ, ಘನ ಅಡಿಯಲ್ಲಿ) ಡಬಲ್ ಪಂಪರ್ ಕಾರ್ಬ್ಯುರೇಟರ್ ಅಗ್ಗಕ್ಕೆ ಸಿಗುತ್ತಿದೆ. ದೊಡ್ಡದಾಯಿತು ಅನ್ನುತ್ತಾರೆ. ಕಂಪನಿಯೇ ಹಾಕಿದ್ದ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಕೂಡ 750 ತಾನೆ?
— ಷಾರ್ಲೆಟ್, ನಾರ್ತ್ ಕ್ಯಾರೊಲೈನ

ಉತ್ತರ: ಒಳ್ಳೆಯ ಪ್ರಶ್ನೆ. ಮೊದಲು ಲೆಕ್ಕ: ಘನ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿ. 350 ಎಂಜಿನ್ 5,500 ಆರ್‌ಪಿಎಂನಲ್ಲಿ 557 ಸಿಎಫ್‌ಎಂ. ಮಾಮೂಲಿ ಎಂಜಿನ್ ತುಂಬಿಕೊಳ್ಳುವುದು ಅದರ 85% ಎಂದಿಟ್ಟರೆ 473. ಅಂದರೆ 600 ಧಾರಾಳ.

ಕ್ವಾಡ್ರಾಜೆಟ್ ದೊಡ್ಡದಾದರೂ ಹೊಂದಿಕೊಳ್ಳುವುದು ಅದರ ರಚನೆಯಿಂದ. ಮುಂದಿನ ಎರಡು ಬ್ಯಾರೆಲ್ ತೀರ ಚಿಕ್ಕವು, ಆದ್ದರಿಂದ ಕಡಿಮೆ ವೇಗದಲ್ಲೂ ಗಾಳಿ ರಭಸದಿಂದ ಹಾದು ಪೆಟ್ರೋಲನ್ನು ಚೆನ್ನಾಗಿ ಎಳೆಯುತ್ತದೆ. ಹಿಂದಿನ ದೊಡ್ಡ ಬ್ಯಾರೆಲ್‌ಗಳ ಮೇಲೆ ಸ್ಪ್ರಿಂಗ್ ಹಿಡಿದ ಗಾಳಿಬಾಗಿಲು ಇದ್ದು, ಎಂಜಿನ್ ಎಷ್ಟು ಕೇಳುತ್ತದೋ ಅಷ್ಟೇ ತೆರೆಯುತ್ತದೆ. ಡಬಲ್ ಪಂಪರ್‌ನಲ್ಲಿ ಆ ತಡೆ ಇಲ್ಲ. ನಿಮ್ಮ ಕಾಲೇ ನಾಲ್ಕನ್ನೂ ತೆರೆಯುತ್ತದೆ. ಭಾರದ ಕಾರು, ಆಟೊಮ್ಯಾಟಿಕ್ ಗೇರ್, ಹೆದ್ದಾರಿ ಗೇರಿನ ಆಕ್ಸಲ್ ಇರುವಲ್ಲಿ ಒಮ್ಮೆಲೇ ತುಳಿದರೆ ಎಂಜಿನ್ ಉಸಿರುಗಟ್ಟುತ್ತದೆ.

ನಮ್ಮ ಸಲಹೆ: ನಿಮ್ಮ ಹಳೆಯ ಕ್ವಾಡ್ರಾಜೆಟ್ ಇನ್ನೂ ಇದ್ದರೆ ಅದನ್ನೇ ರಿಪೇರಿ ಮಾಡಿಸಿ. ಥ್ರಾಟಲ್ ಶಾಫ್ಟ್ ಆಡುತ್ತಿದ್ದರೆ ಬುಷ್ ಹಾಕಿಸಬೇಕು. ರಾತ್ರಿ ನಿಂತ ಕಾರು ಬೆಳಿಗ್ಗೆ ಬಹಳ ಹೊತ್ತು ಕ್ರ್ಯಾಂಕ್ ಮಾಡಿಸಿದರೆ ಬೌಲಿನ ತಳದ ಪ್ಲಗ್‌ಗಳು ಸೋರಿ ಪೆಟ್ರೋಲ್ ಕೆಳಗೆ ಇಳಿದಿರಬಹುದು. ಅವನ್ನು ಎಪಾಕ್ಸಿಯಿಂದ ಮುಚ್ಚುವುದು ರೂಢಿ. ಬದಲಿಸಲೇಬೇಕಾದರೆ 600ರ, ವ್ಯಾಕ್ಯೂಮ್‌ನಿಂದ ಹಿಂದಿನ ಬ್ಯಾರೆಲ್ ತೆರೆಯುವ ಜಾತಿಯದು ತನ್ನಿ.

ಪ್ರಶ್ನೆ: ನನ್ನ 1965ರ ಮಸ್ಟಾಂಗ್ ಆರು ಸಿಲಿಂಡರಿನದು. ವಿ8 ಇಲ್ಲದೆ ಅದು ಮಸಲ್ ಕಾರೇ ಅಲ್ಲ ಎಂದು ನಗುತ್ತಾರೆ. ಎಂಜಿನ್ ಬದಲಿಸುವುದು ಎಷ್ಟು ದೊಡ್ಡ ಕೆಲಸ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಎಂಜಿನ್ ಒಂದನ್ನೇ ಬದಲಿಸಿ ಮುಗಿಸುವ ಕೆಲಸವಲ್ಲ ಇದು. ನಿಮ್ಮ ಚಕ್ರಕ್ಕೆ ನಾಲ್ಕು ಬೋಲ್ಟ್, ಡ್ರಮ್ 9 ಇಂಚು. ವಿ8 ಕಾರಿಗೆ ಐದು ಬೋಲ್ಟ್, 10 ಇಂಚು. ಮುಂದಿನ ಸ್ಪಿಂಡಲ್, ಸ್ಪ್ರಿಂಗ್, ಸ್ಟೀರಿಂಗ್ ರಾಡುಗಳು, ರೇಡಿಯೇಟರ್, ಗೇರ್ ಬಾಕ್ಸ್, ಹಿಂದಿನ ಪೂರ್ತಿ ಆಕ್ಸಲ್ ಎಲ್ಲವೂ ಬೇರೆ. ಆರರ ಬ್ರೇಕಿನ ಮೇಲೆ ವಿ8 ಕೂರಿಸಿದ ಕಾರುಗಳು ಮಾರಾಟಕ್ಕೆ ಬರುತ್ತವೆ, ಅವು ಅಪಾಯ. ಕೊಳ್ಳುವವರು ಕಂಪನಿ ಕಾರಿಗೆ ಕೊಟ್ಟ ಗುರುತು ಸಂಖ್ಯೆಯ (ವಿಐಎನ್) 5ನೇ ಅಕ್ಷರ ನೋಡಲಿ: 1965ರಲ್ಲಿ ಟಿ ಎಂದರೆ 200 ಘನ ಇಂಚಿನ ಆರು, ಸಿ ಎಂದರೆ ಎರಡು ಬ್ಯಾರೆಲ್‌ನ 289, ಎ ನಾಲ್ಕು ಬ್ಯಾರೆಲ್‌ನದು, ಕೆ 271 ಅಶ್ವಶಕ್ತಿಯದು. ವಿ8 ಬೇಕೇ ಬೇಕೆಂದಿದ್ದರೆ ನಿಮ್ಮದನ್ನು ಮಾರಿ ಸಿ-ಕೋಡ್ ಕಾರನ್ನೇ ಕೊಳ್ಳುವುದು ಅಗ್ಗ.

ಆರನ್ನೇ ಇಟ್ಟುಕೊಳ್ಳುವುದಾದರೆ ಒಂದು ಎಚ್ಚರ. ಇದರ ಮೂಲ ಡಿಸ್ಟ್ರಿಬ್ಯೂಟರ್‌ನಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಸ್ಪಾರ್ಕ್ ಹೊಂದಿಸುವ ತೂಕದ ಗುಂಡುಗಳಿಲ್ಲ. ಸ್ಪಾರ್ಕ್ ಬೇಗ ಬರುವಂತೆ ಮಾಡುವುದೆಲ್ಲ ಕಾರ್ಬ್ಯುರೇಟರ್‌ನ ವ್ಯಾಕ್ಯೂಮ್ ನಂಬಿಯೇ. ಕಾರ್ಬ್ಯುರೇಟರ್ ಮಾತ್ರ ಬದಲಿಸಿದರೆ ಈ ಹೊಂದಾಣಿಕೆ ತಪ್ಪಿ ಎಂಜಿನ್ ಮಂಕಾಗುತ್ತದೆ. ಎರಡನ್ನೂ ಜೊತೆಗೇ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ಮೇಲಿನ ಮಾತಿಗೆ ಇದೊಂದು ಹೊರತು.

ಪ್ರಶ್ನೆ: ಹೆದ್ದಾರಿಯಲ್ಲಿ ತಾಪ ಸರಿಯಿರುತ್ತದೆ, ಟ್ರಾಫಿಕ್‌ನಲ್ಲಿ ಮುಳ್ಳು ಏರುತ್ತದೆ. ಥರ್ಮೋಸ್ಟಾಟ್ ತೆಗೆದು ಬಿಸಾಡಲೇ?
— ಫೀನಿಕ್ಸ್, ಅರಿಜೋನ

ಉತ್ತರ: ಬೇಡ. ನಿಂತಾಗ ಮಾತ್ರ ಕಾಯುವುದು ಗಾಳಿಯ ಕೊರತೆ. ಫ್ಯಾನಿನ ಸುತ್ತಲ ಶ್ರೌಡ್ (ಗಾಳಿ ರೇಡಿಯೇಟರ್ ಮೂಲಕವೇ ಬರುವಂತೆ ಮಾಡುವ ಕವಚ) ಕಾಣೆಯಾಗಿರುತ್ತದೆ ಅಥವಾ ಫ್ಯಾನ್ ಕ್ಲಚ್ ಸೋತಿರುತ್ತದೆ. ಶ್ರೌಡ್ ಹಾಕಿ, ಫ್ಯಾನಿನ ರೆಕ್ಕೆ ಅರ್ಧದಷ್ಟು ಅದರೊಳಗೆ ಬರುವಂತೆ ಕೂರಿಸಿ. ಇದಕ್ಕೆ ವಿರುದ್ಧವಾಗಿ ಹೆದ್ದಾರಿಯಲ್ಲಿ ಕಾಯುವ ಕಾರಿಗೆ ನೀರಿನ ಹರಿವಿನ ಕೊರತೆ: ರೇಡಿಯೇಟರ್ ಒಳಗೆ ಕಟ್ಟಿರಬಹುದು, ಇಲ್ಲವೇ ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತಿರಬಹುದು. 180 ಡಿಗ್ರಿ ಫ್ಯಾರನ್‌ಹೀಟ್‌ನ ಥರ್ಮೋಸ್ಟಾಟ್ ಇರಲಿ.

ಪ್ರಶ್ನೆ: ಮಳೆ ಬಂದಾಗಲೆಲ್ಲ 1966ರ ಮಸ್ಟಾಂಗ್‌ನ ಕಾಲಡಿ ನೀರು. ಹೊಸ ಕಾರ್ಪೆಟ್ ತರಿಸಿಟ್ಟಿದ್ದೇನೆ.
— ಸಿಯಾಟಲ್, ವಾಷಿಂಗ್ಟನ್

ಉತ್ತರ: ಕಾರ್ಪೆಟ್ ಪೆಟ್ಟಿಗೆಯಲ್ಲೇ ಇರಲಿ. ಗಾಜಿನ ಬುಡದಲ್ಲಿ ಗಾಳಿ ಬರುವ ಜಾಲರಿಯ ಕೆಳಗಿನ ತಗಡು ಈ ಕಾರುಗಳಲ್ಲಿ ತುಕ್ಕು ತಿನ್ನುತ್ತದೆ. ಜಾಲರಿಗೆ ಒಂದು ಚೊಂಬು ನೀರು ಸುರಿದು ಒಳಗೆ ಟಾರ್ಚ್ ಹಿಡಿದು ನೋಡಿ. ಸರಿಯಾದ ಕೆಲಸವೆಂದರೆ ಮೇಲಿನ ತಗಡಿನ ಸ್ಪಾಟ್ ವೆಲ್ಡ್‌ಗಳನ್ನು ಕೊರೆದು ಎತ್ತಿ, ಒಳಗಿನದನ್ನು ಹೊಸದಾಗಿ ಬೆಸೆಯುವುದು. ಸಿಲಿಕೋನ್ ಮೆತ್ತಿದರೆ ನೀರು ಇನ್ನೊಂದು ದಾರಿ ಹುಡುಕುತ್ತದೆ. ನೆಲದ ತಗಡು, ಫ್ರೇಮ್ ರೇಲನ್ನು ತುಕ್ಕು ಕೊರೆದಿದ್ದರೆ ಅವೂ ಈಗಲೇ ಆಗಬೇಕು. ಪೇಂಟ್, ಕಾರ್ಪೆಟ್ ಕೊನೆಗೆ.

ಪ್ರಶ್ನೆ: ಜೋರಾದ ಹ್ಯಾಲೊಜೆನ್ ಬಲ್ಬ್ ಹಾಕಿದ ಮೇಲೆ ಹೆಡ್‌ಲೈಟ್ ಆರಿ ಮತ್ತೆ ಹತ್ತುತ್ತದೆ.
— ಅಟ್ಲಾಂಟ, ಜಾರ್ಜಿಯ

ಉತ್ತರ: ಹಳೆಯ ಫೋರ್ಡ್‌ಗಳಲ್ಲಿ ದೀಪದ ಇಡೀ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹಾಯುತ್ತದೆ, ಆ ಸ್ವಿಚ್ಚಿನೊಳಗೆ ಬ್ರೇಕರ್ ಇದೆ. ಭಾರ ಹೆಚ್ಚಾಗಿ ಕಾದರೆ ಆರಿಸುತ್ತದೆ, ತಣಿದರೆ ಹತ್ತಿಸುತ್ತದೆ. ಹೈ, ಲೋ ಎರಡಕ್ಕೂ ಒಂದೊಂದು ರಿಲೇ ಹಾಕಿ, ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರ ದಪ್ಪ ವೈರ್ ಎಳೆಯಿರಿ. ಸ್ವಿಚ್ ಇನ್ನು ರಿಲೇಗಳನ್ನಷ್ಟೇ ಎಬ್ಬಿಸುತ್ತದೆ. ಎಂಜಿನ್‌ನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನೂ ಹೊಸದಾಗಿ ಹಾಕಿ.

ಪ್ರಶ್ನೆ: ಮನೆಯಲ್ಲಿ 1960ರ ದಶಕದ ಅಮೆರಿಕನ್ ಕಾರೊಂದಿದೆ. ವಿಂಟೇಜ್ ನೋಂದಣಿ ಮಾಡಿಸಬೇಕು. ಎಂಜಿನ್ ಸೋತಿದೆ, ಡೀಸೆಲ್ ಎಂಜಿನ್ ಹಾಕಿಸಿಕೊಳ್ಳಬಹುದೇ?
— ಬೆಂಗಳೂರು

ಉತ್ತರ: ಹಾಕಿಸಿದರೆ ವಿಂಟೇಜ್ ನೋಂದಣಿ ಕೈತಪ್ಪುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು. ಷಾಸಿ, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ನಂಬರಿನಲ್ಲಿ ವಿಎ ಅಕ್ಷರಗಳು ಬರುತ್ತವೆ. ದಿನಬಳಕೆಗೆ ಈ ನೋಂದಣಿ ನಡೆಯದು. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಓಡಾಟಕ್ಕೆ ಮಾತ್ರ.

ಎಂಜಿನ್ ನಿಜಕ್ಕೂ ಸೋತಿದೆಯೇ ಎಂದು ಮೊದಲು ಅಳೆಯಿರಿ. ಕಾಯಿಲ್ ವೈರ್ ಕಳಚಿ, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು, ಕಂಪ್ರೆಷನ್ ಗೇಜ್ ಹಾಕಿ ಪ್ರತಿ ಸಿಲಿಂಡರ್‌ಗೂ ನಾಲ್ಕೈದು ಸುತ್ತು ಸೆಲ್ಫ್ ಹೊಡೆಯಿರಿ. ಅತಿ ಕಡಿಮೆಯದು ಅತಿ ಹೆಚ್ಚಿನದರ 75% ಇದ್ದರೆ ಎಂಜಿನ್ ಇನ್ನೂ ಓಡಬಲ್ಲದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ, ಪಕ್ಕಪಕ್ಕದ ಎರಡು ಒಟ್ಟಿಗೇ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬೋರ್ ಮಾಡಿಸಿ 0.030 ಇಂಚು ದೊಡ್ಡ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸುವಾಗ ಮೂಲ ಬ್ಲಾಕ್ ಮತ್ತು ಅದರ ನಂಬರನ್ನು ಹಾಗೇ ಉಳಿಸಿಕೊಳ್ಳಿ. ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ, ಬಿಲ್ಲು ಮತ್ತು ಫೋಟೊ ಸಮೇತ ತಪಾಸಣೆಯ ದಿನದವರೆಗೆ ತೆಗೆದಿರಿಸಿ.